ಕೆಜಿಎಫ್‌ನಲ್ಲಿದ್ದ ತಾತಂಗೆ ಬಂದಿದ್ದು ಟಿಬಿನಾ, ಕಲ್ಲಿನ ಧೂಳಿನ ಕಾಯಿಲೆನಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ, ನಮ್ಮದು ಬಂಗಾರಪೇಟೆ ಕಡೆ. ನಮ್ಮ ತಾತ ಚಾಂಪಿಯನ್ ರೀಫ್ ಗಣೀಲಿ ಡ್ರಿಲ್ಲಿಂಗ್ ಕೆಲಸ ಮಾಡ್ತಿದ್ರಂತೆ, ಐವತ್ತು ತುಂಬೋ ಮೊದ್ಲೇ ಕೆಮ್ಮಿ ಕೆಮ್ಮಿ ಹೋಗ್ಬಿಟ್ರು. ಮನೇಲಿ ಎಲ್ಲಾ ಟಿಬಿ ಅಂತಾರೆ, ಈಗ ಒಬ್ರು ಅದು ಸಿಲಿಕೋಸಿಸ್, ಅಂದ್ರೆ ಕಲ್ಲಿನ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ ಇದ್ದಿರ್ಬೇಕು ಅಂದ್ರು. ಆ ಕಾಲದಲ್ಲಿ ಇಂಥ ಕಾಯಿಲೆ ಇದೆ ಅಂತ ಗೊತ್ತಿತ್ತಾ? ಗೊತ್ತಿದ್ರೆ ಯಾಕೆ ತಡೀಲಿಲ್ಲ?

ಡಾಕ್ಟರ್ ಉತ್ತರ: ನಮಸ್ಕಾರ. ಎಕ್ಸ್‌ರೇ ಇಲ್ದೆ ಇದೇ ಅಂತ ಹೇಳಕ್ಕಾಗಲ್ಲ, ಆದ್ರೆ ಎರಡೂ ಇದ್ದಿರೋ ಸಾಧ್ಯತೆ ಚೆನ್ನಾಗೇ ಇದೆ. ಕಲ್ಲು ಕೊರೆಯುವಾಗ ಏಳೋ ಸಿಲಿಕಾ ಧೂಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಅಂದ್ರೆ 5 ಮೈಕ್ರಾನ್‌ಗಿಂತ ಕಮ್ಮಿ ಇರೋವು, ಶ್ವಾಸಕೋಶದ ತಳದ ಗಾಳಿಚೀಲದವರೆಗೂ ಹೋಗ್ತವೆ, ಅಲ್ಲಿ ಕಸ ತಿಂದು ಕ್ಲೀನ್ ಮಾಡೋ ಜೀವಕೋಶ ಇದನ್ನ ನುಂಗಿ ತಾನೇ ಸತ್ತುಹೋಗುತ್ತೆ, ಕಣ ಮತ್ತೆ ಹೊರಗ್ ಬರುತ್ತೆ, ಇನ್ನೊಂದು ನುಂಗುತ್ತೆ, ಅದೂ ಸಾಯುತ್ತೆ, ಹೀಗೇ ನಡೀತಾ ಆ ಜಾಗ ಗಂಟುಗಂಟಾಗಿ ಗಟ್ಟಿಯಾಗುತ್ತೆ. ಟಿಬಿ ಕ್ರಿಮೀನ ಕೊಲ್ಲಬೇಕಾಗಿದ್ದೂ ಇದೇ ಜೀವಕೋಶವೇ, ಅದಕ್ಕೇ ಸಿಲಿಕೋಸಿಸ್ ಇದ್ದೋರಿಗೆ ಟಿಬಿ ಬೇಗ ಅಂಟೋದು. ಮನೆಯೋರು ಟಿಬಿ ಅಂದಿದ್ದು ಸುಳ್ಳೂ ಆಗಿರ್ಲಿಕ್ಕಿಲ್ಲ.

ಗೊತ್ತಿತ್ತಾ ಅಂದ್ರೆ, ತುಂಬಾ ಹಿಂದಿನಿಂದ್ಲೇ ಗೊತ್ತಿತ್ತು. 1556ರಲ್ಲೇ ಅಗ್ರಿಕೋಲಾ ಅನ್ನೋರು ಗಣಿ ಬಗ್ಗೆ ಬರೀತಾ, ಕಾರ್ಪೇಥಿಯನ್ ಬೆಟ್ಟದ ಗಣಿ ಊರುಗಳಲ್ಲಿ ಒಬ್ಬೊಬ್ಬ ಹೆಂಗಸು ಏಳು ಗಂಡಂದಿರನ್ನ ಮದುವೆಯಾಗಿದ್ದಾಳೆ, ಎಲ್ರೂ ಈ ಕಾಯಿಲೇಲೇ ಹೋದ್ರು ಅಂತ ಬರೆದಿದ್ದಾರೆ. 1600ರ ದಶಕಗಳಲ್ಲಿ ಹಾಲೆಂಡಿನ ಡೀಮರ್‌ಬ್ರೂಕ್ ಉಬ್ಬಸದಿಂದ ಸತ್ತ ಕಲ್ಲುಕುಟಿಗರ ಹೆಣ ಕೊಯ್ದು ನೋಡಿದ್ರೆ ಶ್ವಾಸಕೋಶದ ತುಂಬ ಧೂಳು, ಚಾಕು ಮರಳಿನ ರಾಶೀಲಿ ಹೋದಂಗೆ ಹೋಯ್ತಂತೆ. 1700ರಲ್ಲಿ ಇಟಲಿಯ ರಾಮಾಜಿನಿ, ರೋಗಿ ಬಂದ್ರೆ ನೀನು ಏನು ಕೆಲಸ ಮಾಡ್ತೀಯ ಅಂತ ಕೇಳಿ ಅಂತ ಡಾಕ್ಟರ್‌ಗಳಿಗೆ ಹೇಳಿದ್ರು. ಇವತ್ತಿಗೂ ನಮ್ಮ ಎಷ್ಟೋ ಕ್ಲಿನಿಕ್‌ಗಳಲ್ಲಿ ಆ ಪ್ರಶ್ನೆ ಕೇಳಲ್ಲ, ನಂಗೆ ಇದಕ್ಕೇ ಬಹಳ ಬೇಜಾರು.

ಆದ್ರೆ ಸಾವಿರಾರು ಜನಕ್ಕೆ ಒಟ್ಟಿಗೆ ಬಂದಿದ್ದು ಗಾಳಿ ಒತ್ತಡದ ಡ್ರಿಲ್ ಮಷೀನ್ ಬಂದ್ಮೇಲೆ. ಸುತ್ತಿಗೆ ಉಳಿ ಹಿಡಿದು ಕೊರೆಯೋ ಕಾಲದಲ್ಲಿ ಧೂಳು ಇಷ್ಟು ಏಳ್ತಿರ್ಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಯೋರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗೆ ಹೋಗಿ ಡ್ರಿಲ್ ಹಿಡಿದು ಊರಿಗೆ ವಾಪಸ್ ಬಂದು ಚಿಕ್ಕ ವಯಸ್ಸಲ್ಲೇ ಸಾಯ್ತಿದ್ರು, ಹಾಲ್ಡೇನ್ ಅನ್ನೋ ವಿಜ್ಞಾನಿ ಮತ್ತವರ ಜೊತೆಯೋರು 1904ರ ವರದೀಲಿ ಕಲ್ಲಿನ ಧೂಳೇ ಕಾರಣ ಅಂತ ತೋರಿಸಿದ್ರು. ಅದೇ ಕಾರ್ನ್‌ವಾಲ್ ಜನಾನ ಇಲ್ಲಿ ಗಣಿ ನಡೆಸ್ತಿದ್ದ ಜಾನ್ ಟೇಲರ್ ಕಂಪನಿ ನಮ್ಮ ಕೆಜಿಎಫ್‌ಗೂ ಕರ್ಕೊಂಡು ಬಂದಿತ್ತು. ಹಾಗಾಗಿ ಇಲ್ಲಿಯೋರಿಗೆ ಗೊತ್ತೇ ಇರ್ಲಿಲ್ಲ ಅನ್ನೋ ಮಾತು ನಾನಂತೂ ಒಪ್ಪಲ್ಲ.

ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್‌ಗೆ ಅಂತಾನೇ ರೂಲ್ಸ್ ಮಾಡ್ತು. 1940ರಿಂದ 46ರವರೆಗೆ ಕೆಜಿಎಫ್‌ನಲ್ಲಿ 7,600ಕ್ಕೂ ಹೆಚ್ಚು ಕಾರ್ಮಿಕರನ್ನ ಪರೀಕ್ಷೆ ಮಾಡಿದಾಗ 3,400 ಜನಕ್ಕೆ ಕಾಯಿಲೆ ಇತ್ತು. ನೂರಕ್ಕೆ ನಲವತ್ತರ ಮೇಲೆ!

ಯಾಕೆ ತಡೀಲಿಲ್ಲ ಅಂದ್ರೆ, ಕಾಯಿಲೆ ಕಾಣಿಸ್ಕೊಳ್ಳಕ್ಕೆ ಸಾಮಾನ್ಯವಾಗಿ ಹತ್ತು ಇಪ್ಪತ್ತು ವರ್ಷ ಬೇಕು, ಅಷ್ಟೊತ್ತಿಗೆ ಆಳು ಕೆಲಸ ಬಿಟ್ಟು ಊರು ಸೇರಿರ್ತಾನೆ, ಅಲ್ಲಿ ಸತ್ರೆ ಟಿಬಿ ಲೆಕ್ಕಕ್ಕೆ ಹೋಗುತ್ತೆ. ಧೂಳು ತಡೆಯೋ ನೀರು, ಗಾಳಿ ವ್ಯವಸ್ಥೆಗೆ ಮಾತ್ರ ಕಂಪನಿ ಇವತ್ತೇ ದುಡ್ಡು ಸುರೀಬೇಕು.

ಇನ್ನೊಬ್ರ ಪ್ರಶ್ನೆ: ಸರ್, ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿದ್ರಲ್ಲ, ಈಗ್ಲೂ ಈ ಕಾಯಿಲೆ ಇದೆಯಾ? ನನ್ನ ಬಾಮೈದ ಬೆಂಗಳೂರಲ್ಲಿ ಅಡುಗೆಮನೆ ಕಟ್ಟೆಗೆ ಹಾಕೋ ಕ್ವಾರ್ಟ್ಜ್ ಸ್ಲ್ಯಾಬ್ ಕಟ್ ಮಾಡ್ತಾನೆ, ಮೂಗಿಗೆ ಟವೆಲ್ ಕಟ್ಕೋತಾನೆ.

ಡಾಕ್ಟರ್ ಉತ್ತರ: ಇದೆ, ಗಣಿ ಮುಚ್ಚಿದ್ರೂ ಒಳಗೆ ಸೇರಿದ ಧೂಳು ಸುಮ್ನಿರಲ್ಲ, ಕೆಲಸ ಬಿಟ್ಮೇಲೂ ಕಾಯಿಲೆ ಬೆಳೀಬಹುದು, ಗುಣ ಮಾಡೋ ಔಷಧಿ ಇಲ್ಲ. ನಿಮ್ಮ ಬಾಮೈದನ ವಿಷಯ ಕೇಳಿ ಗಾಬರಿ ಆಯ್ತು. ಗ್ರಾನೈಟಲ್ಲಿ ಸುಮಾರು ಮೂರನೇ ಒಂದು ಭಾಗ ಸಿಲಿಕಾ ಇದ್ರೆ ಈ ಫ್ಯಾಕ್ಟರಿ ಕ್ವಾರ್ಟ್ಜ್ ಸ್ಲ್ಯಾಬಲ್ಲಿ ನೂರಕ್ಕೆ ತೊಂಬತ್ತರವರೆಗೂ ಇರುತ್ತೆ, ಕೆಲವೇ ವರ್ಷದಲ್ಲಿ ಕಾಯಿಲೆ ಬಂದ ಹುಡುಗರಿದ್ದಾರೆ, ಆಸ್ಟ್ರೇಲಿಯಾದಲ್ಲಿ 2024ರ ಜುಲೈಯಿಂದ ಇದನ್ನ ಬ್ಯಾನೇ ಮಾಡಿದ್ರು. ಟವೆಲ್‌ನಿಂದ ಏನೂ ಪ್ರಯೋಜನ ಇಲ್ಲ, ಆ ಸಣ್ಣ ಕಣ ಬಟ್ಟೇಲಿ ನಿಲ್ಲಲ್ಲ. ಒಣಗಿದ್ದನ್ನ ಕಟ್ ಮಾಡ್ಲೇಬಾರ್ದು, ಬ್ಲೇಡಿಗೆ ನೀರು ಬೀಳ್ತಾನೇ ಇರ್ಬೇಕು, ಧೂಳು ಎಳ್ಕೊಳ್ಳೋ ಮಷೀನೂ ಬೇಕು, ಇವೆಲ್ಲದರ ಜೊತೆಗೆ ಎನ್-95 ಮಾಸ್ಕ್. ಗುಡಿಸೋದೂ ಒದ್ದೆ ಮಾಡಿಯೇ. ಮೊದ್ಲು ಒಂದು ಎದೆ ಎಕ್ಸ್‌ರೇ ಮತ್ತೆ ಉಸಿರಾಟದ ಟೆಸ್ಟ್ ಮಾಡಿಸಿ, ಡಾಕ್ಟರ್ ಕೇಳದಿದ್ರೂ ಇಂಥ ಕೆಲಸ, ಇಷ್ಟು ವರ್ಷದಿಂದ ಅಂತ ಅವನೇ ಹೇಳ್ಲಿ, ಚೀಟೀಲೂ ಬರೆಸ್ಕೊಳ್ಳಿ. ಕಾನೂನಲ್ಲಿ ಸಿಲಿಕೋಸಿಸ್ ಪರಿಹಾರ ಕೊಡ್ಬೇಕಾದ ಕಾಯಿಲೆಗಳ ಪಟ್ಟೀಲಿದೆ, ಮುಂದೆ ಅರ್ಜಿ ಹಾಕೋ ಪರಿಸ್ಥಿತಿ ಬಂದ್ರೆ ಆ ಚೀಟಿ ಬೇಕಾಗುತ್ತೆ.