ಸಂಘದ ವೆಬ್‌ಸೈಟು ಮೇಷ್ಟ್ರೇ ನಡೆಸೋ ಹಾಗಿರ್ಬೇಕು, ಯಾವ ಸಾಫ್ಟ್‌ವೇರ್ ಸುಲಭ? ಅನುಭವ ಇದ್ದೋರು ಹೇಳಿ

ಕೇಳಿದವರು, ಬೆಂಗಳೂರಿನಿಂದ:

ಎಲ್ರಿಗೂ ನಮಸ್ಕಾರ. ಸಾಗರದ ಹತ್ರ ನಮ್ಮೂರಲ್ಲಿ ಒಂದು ಹವ್ಯಾಸಿ ಯಕ್ಷಗಾನ ಸಂಘ ಇದೆ, ಅದಕ್ಕೊಂದು ವೆಬ್‌ಸೈಟ್ ಬೇಕು ಅಂತ ಕಮಿಟಿಲಿ ತೀರ್ಮಾನ ಆಗಿದೆ. ಮಾಡಿಕೊಡೋದು ನಾನು, ಆದ್ರೆ ಆಮೇಲೆ ವಾರವಾರ ನಡೆಸ್ಕೊಂಡು ಹೋಗೋರು ನಮ್ಮ ಕಾರ್ಯದರ್ಶಿಗಳು, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, 66 ವರ್ಷ. ವಾಟ್ಸಾಪ್ ಚೆನ್ನಾಗಿ ಬರುತ್ತೆ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡ್ತಾರೆ, ಅದರಾಚೆ ಕಂಪ್ಯೂಟರ್ ಅಷ್ಟಕ್ಕಷ್ಟೆ. ಆಟ, ಅಂದ್ರೆ ಯಕ್ಷಗಾನ ಪ್ರದರ್ಶನ, ಎಲ್ಲಿ, ಯಾವತ್ತು, ಪ್ರಸಂಗ (ಕಥೆ) ಯಾವುದು, ಒಂದು ಹತ್ತು ಫೋಟೋ, ಆಗೊಮ್ಮೆ ಈಗೊಮ್ಮೆ ಒಂದು ಲೇಖನ, ಹಾಕೋದು ಇಷ್ಟೇ. ವರ್ಡ್‌ಪ್ರೆಸ್ಸಾ, ಬ್ಲಾಗರಾ, ಜೂಮ್ಲಾನಾ, ಡ್ರೂಪಲ್ಲಾ? ಎಲ್ಲಾ ಕಡೆ ತುಂಬಾ ಸುಲಭ ಅಂತಾನೇ ಬರ್ದಿರ್ತಾರೆ. ನಿಜವಾಗ್ಲೂ ವಯಸ್ಸಾದವ್ರ ಕೈಗೆ ಕೊಟ್ಟು ನೋಡಿದೋರು ಇದ್ರೆ ದಯವಿಟ್ಟು ಬರೀರಿ.

ತುಮಕೂರಿನಿಂದ:

ಕೈಗೆ ಕೊಟ್ಟು ನೋಡಿದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಶಾಲೆ ಹಳೇ ವಿದ್ಯಾರ್ಥಿಗಳ ಸಂಘಕ್ಕೆ ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡಿದ್ದು ನಾನು, ನಡೆಸೋರು ನಮ್ಮ ಸೋದರತ್ತೆ, ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದೋರು. ಲೆಕ್ಕಪತ್ರದಲ್ಲಿ ಒಂದು ಪೈಸೆ ಆಚೀಚೆ ಆಗದ ಹಾಗೆ ಕೆಲಸ ಮಾಡಿದವ್ರು, ಇದೇನು ಮಹಾ ಅಂದ್ಕೊಂಡು ನಾನು ಅಡ್ಮಿನ್ ಪಾಸ್‌ವರ್ಡೇ ಕೊಟ್ಬಿಟ್ಟೆ. ಹದಿನೈದು ದಿನ ಸೈಟಲ್ಲಿ ಒಂದಕ್ಷರ ಬರ್ಲಿಲ್ಲ. ಫೋನ್ ಮಾಡಿ ಕೇಳಿದ್ರೆ, ಒಳಗೆ ಹೋದ ತಕ್ಷಣ ಮೇಲೆ ಏನೋ ಕೆಂಪಗೆ ಬರತ್ತೆ ಕಣೋ, ನಾನೇನೂ ಮುಟ್ಟಿಲ್ಲ, ಹಾಗೇ ಆಚೆ ಬಂದ್ಬಿಟ್ಟೆ ಅಂದ್ರು. ಅದು ಯಾವುದೋ ಪ್ಲಗಿನ್‌ನ (ವರ್ಡ್‌ಪ್ರೆಸ್‌ಗೆ ಸೇರಿಸ್ಕೊಳ್ಳೋ ಸಣ್ಣ ಸಾಫ್ಟ್‌ವೇರು) ಜಾಹೀರಾತು, ದುಡ್ಡು ಕೊಟ್ಟು ಪ್ರೊ ತಗೊಳ್ಳಿ ಅಂತ. ನಮಗೆ ಅದು ಕಣ್ಣಿಗೇ ಬೀಳಲ್ಲ, ಅವ್ರಿಗೆ ಅದು ಬ್ಯಾಂಕ್ ನೋಟೀಸ್ ಬಂದಂಗೆ.

ಆಮೇಲೆ ಒಂದು ಭಾನುವಾರ ಅವ್ರ ಮನೆಗೆ ಹೋಗಿ ಪಕ್ಕದಲ್ಲಿ ಕೂತೆ. ಒಂದು ಮಾತೂ ಆಡಬಾರ್ದು, ಮೌಸ್ ಮುಟ್ಟಬಾರ್ದು ಅಂತ ನನಗೆ ನಾನೇ ಕಟ್ಟುಪಾಡು ಹಾಕ್ಕೊಂಡಿದ್ದೆ. ನೀವೂ ದಯವಿಟ್ಟು ಇದೊಂದು ಮಾಡಿ, ಸಾಫ್ಟ್‌ವೇರ್ ಆರಿಸೋಕ್ಕಿಂತ ಮುಂಚೆ. ಅರ್ಧ ಗಂಟೆಲಿ ಅತ್ತೆ ಎಲ್ಲೆಲ್ಲಿ ನಿಂತ್ರು ಅಂತ ಚೀಟಿಲಿ ಬರ್ಕೊಂಡೆ. ಎಡಗಡೆ ಮೆನುಲಿ ಇಪ್ಪತ್ತಕ್ಕೂ ಹೆಚ್ಚು ಐಟಂ, ಅದ್ರಲ್ಲಿ ಅವ್ರಿಗೆ ಬೇಕಾಗಿದ್ದು ಎರಡು. ಪೋಸ್ಟು ಅಂದ್ರೇನು ಪೇಜು ಅಂದ್ರೇನು ಗೊತ್ತಾಗ್ಲಿಲ್ಲ. ಬರೆಯೋ ಜಾಗದಲ್ಲಿ ಪ್ಲಸ್ ಗುರುತು ಒತ್ತಿದ್ರೆ ನೂರೆಂಟು ಬ್ಲಾಕು. ಪಬ್ಲಿಷ್ ಒತ್ತಿದ್ಮೇಲೆ ಇನ್ನೊಂದ್ಸಲ ಪಬ್ಲಿಷ್ ಅಂತ ಕೇಳುತ್ತಲ್ಲ, ಆ ಎರಡನೇದನ್ನ ಅವ್ರು ನೋಡೇ ಇಲ್ಲ, ಹೋಯ್ತು ಅಂದ್ಕೊಂಡು ಮುಚ್ಚಿಬಿಟ್ರು. ಹಿಂದೆ ಬರೆದಿದ್ದ ಎರಡು ಬರಹ ಡ್ರಾಫ್ಟಲ್ಲೇ ಕೂತಿದ್ವು ಪಾಪ!

ನಾನು ಮಾಡಿದ್ದು ಏನಂದ್ರೆ ಹೊಸದಾಗಿ ಏನೂ ಸೇರಿಸ್ಲಿಲ್ಲ, ಕಿತ್ತು ಹಾಕ್ತಾ ಬಂದೆ. ಅಡ್ಮಿನ್ ತೆಗೆದು ಆಥರ್ ಅನ್ನೋ ರೋಲ್ ಕೊಟ್ಟೆ, ಅರ್ಧಕ್ಕಿಂತ ಹೆಚ್ಚು ಮೆನು ತಾನಾಗೇ ಮಾಯ ಆಯ್ತು, ಆ ಕೆಂಪು ಜಾಹೀರಾತೂ ಹೋಯ್ತು. ಒಂದು ಎಚ್ಚರಿಕೆ, ಕಾಂಟ್ರಿಬ್ಯೂಟರ್ ರೋಲ್ ಕೊಡ್ಬೇಡಿ, ಅದ್ರಲ್ಲಿ ಫೋಟೋ ಅಪ್‌ಲೋಡ್ ಮಾಡೋಕಾಗಲ್ಲ, ಮೇಷ್ಟ್ರು ತಾವೇ ಏನೋ ತಪ್ಪು ಮಾಡ್ತಿದೀನಿ ಅಂದ್ಕೋತಾರೆ. 2018ರ ಡಿಸೆಂಬರಲ್ಲಿ ವರ್ಡ್‌ಪ್ರೆಸ್ 5.0 ಬಂದಾಗಿಂದ ಈ ಬ್ಲಾಕ್ ಎಡಿಟರು, ಅದು ಬೇಡ ಅಂದ್ರೆ ಕ್ಲಾಸಿಕ್ ಎಡಿಟರ್ ಅಂತ ಪ್ಲಗಿನ್ ಇದೆ, ವರ್ಡ್ ಥರಾನೇ ಕಾಣತ್ತೆ, ಬ್ಯಾಂಕಲ್ಲಿ ವರ್ಡ್ ನೋಡಿದ್ರಲ್ಲ, ಅತ್ತೆ ಮುಖ ಅರಳ್ತು. ಬ್ಲಾಕೇ ಇಟ್ಕೋತೀರಾ ಅಂದ್ರೆ ಆ ಎರಡು ಸಲ ಪಬ್ಲಿಷ್ ಕೇಳೋದನ್ನ ಪ್ರಿಫರೆನ್ಸಸ್‌ಗೆ ಹೋಗಿ ಆಫ್ ಮಾಡ್ಬಹುದು.

ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಒಂದು ಡ್ಯೂಪ್ಲಿಕೇಟ್ ಮಾಡೋ ಪ್ಲಗಿನ್ನು. ಹೋದ್ಸಲದ ಕಾರ್ಯಕ್ರಮದ ಪೋಸ್ಟ್ ನಕಲು ಮಾಡು, ತಾರೀಖು ಬದಲಾಯಿಸು, ಜಾಗ ಬದಲಾಯಿಸು, ಮುಗೀತು. ಖಾಲಿ ಹಾಳೆ ಮುಂದೆ ಕೂತ್ರೆ ಯಾರಿಗಾದ್ರೂ ಕೈ ನಡುಗತ್ತೆ, ತುಂಬಿರೋ ಹಾಳೆ ತಿದ್ದೋದು ಹಾಗಲ್ಲ.

ಇನ್ನೊಂದು, ಭಯ. ಹಾಳಾಗೋದ್ರೆ ಅನ್ನೋ ಭಯ ಇದೆಯಲ್ಲ, ಅದರ ಮುಂದೆ ಬಾಕಿ ಎಲ್ಲಾ ಸಣ್ಣದು. ನಾನೇನು ಮಾಡ್ದೆ ಅಂದ್ರೆ ಅವ್ರ ಕೈಲೇ ಅವರೇ ಬರೆದ ಒಂದು ಪೋಸ್ಟ್ ಡಿಲೀಟ್ ಮಾಡಿಸ್ದೆ. ಒಪ್ಪಲಿಲ್ಲ ಮೊದ್ಲು. ಆಮೇಲೆ ಟ್ರ್ಯಾಶಿಗೆ ಹೋಗಿ ವಾಪಸ್ ತರಿಸ್ದೆ, 30 ದಿನ ಅಲ್ಲೇ ಇರತ್ತೆ ಅಂತ ತೋರಿಸ್ದೆ, ರಿವಿಷನ್ನಲ್ಲಿ ನಿನ್ನೆ ಹೇಗಿತ್ತೋ ಹಾಗೆ ಮಾಡೋದೂ ತೋರಿಸ್ದೆ. ಅವತ್ತಿಂದ ನನಗೆ ಫೋನ್ ಬರೋದು ಕಮ್ಮಿ ಆಯ್ತು. ಈಗ ಅವ್ರೇ ಇನ್ನೊಬ್ರಿಗೆ ಹೇಳ್ಕೊಡ್ತಿದಾರೆ.

ಧಾರವಾಡದಿಂದ:

ಅಷ್ಟೆಲ್ಲಾ ಯಾಕ್ರಿ, ಬ್ಲಾಗರ್ ಮಾಡ್ರಿ. ನಾವು ನಾಲ್ಕು ಮಂದಿ ಗೆಳೆಯಾರು ಕೂಡಿ ಸಂಗೀತ ಕಾರ್ಯಕ್ರಮದ ಸುದ್ದಿ ಹಾಕ್ಲಿಕ್ಕೆ ಒಂದು ಬ್ಲಾಗ್ ಮಾಡೀವಿ, ಬಾಳ ವರ್ಷ ಆತು, ಇನ್ನೂ ನಡದೈತಿ. ಹೋಸ್ಟಿಂಗ್, ಅಂದ್ರ ಸೈಟ್ ಇಡೂ ಜಾಗಾದ್ದು, ರೊಕ್ಕ ಇಲ್ಲ, ಅಪ್‌ಡೇಟ್ ಮಾಡೂದು ಇಲ್ಲ, ಹ್ಯಾಕ್ ಆತು ಅಂತ ರಾತ್ರಿ ಎದ್ದು ಕುಂದ್ರೂದಿಲ್ಲ, ಅದನ್ನೆಲ್ಲಾ ಗೂಗಲ್‌ನವ್ರು ನೋಡ್ಕೋತಾರ. ನಮ್ಮ ಪೈಕಿ ಒಬ್ರಿಗೆ 72 ವಯಸ್ಸು, ಜಿಮೇಲ್ ಬರ್ತದ ಅಂದ ಮ್ಯಾಲೆ ಬ್ಲಾಗರ್ ಬರ್ತದ, ಅಷ್ಟ. ಚಂದ ಕಾಣ್ತದೇನು ಅಂದ್ರ ಅಷ್ಟೇನ್ ಇಲ್ಲ, ಹಳೇ ಕಾಲದ್ದು ಅನಸ್ತದ, ಮುಂದಿನ ಕಾರ್ಯಕ್ರಮ ಮ್ಯಾಲೆ, ಮುಗದದ್ದು ಕೆಳಗ ಅಂತ ತಾನಾಗೇ ಜೋಡಿಸ್ಕೊಳ್ಳೂದಿಲ್ಲ, ಯಾವಾಗ ಬರದ್ರಿ ಆ ಲೆಕ್ಕದಾಗ ಬರ್ತದ. ಆಟದ ಪಟ್ಟಿ ಮುಖ್ಯ ಅಂದ್ರ ಇದು ನಿಮಗ ಸ್ವಲ್ಪ ತ್ರಾಸ ಆಗಬಹುದು. ಖರೆ ಹೇಳಬೇಕಂದ್ರ ಮೇಷ್ಟ್ರು ಬರೀಲಿಕ್ಕೆ ಶುರು ಮಾಡೂದು ದೊಡ್ಡದು, ಮೊದ್ಲು ಆರು ತಿಂಗಳು ಇದ್ರಾಗ ಬರೀಲಿ, ರೂಢಿ ಆಗ್ಲಿ. ಆಮ್ಯಾಲೆ ವರ್ಡ್‌ಪ್ರೆಸ್‌ಗೆ ಒಯ್ಯಾಕ ಬರ್ತದ, ಬ್ಲಾಗರಿಂದ ಇಂಪೋರ್ಟ್ ಮಾಡು ಸೌಲಭ್ಯ ಐತಿ.

ಮೈಸೂರಿನಿಂದ:

ಮೇಲಿನೋರು ಇಬ್ರೂ ಹೇಳಿದ್ದು ಸರಿ, ಆದ್ರೆ ಕನ್ನಡ ಅಂತ ಬಂದಾಗ ಬೇರೆನೇ ತೊಡಕುಗಳಿವೆ, ಇಂಗ್ಲಿಷಲ್ಲಿ ಸುಲಭ ಅಂತ ಬರೆಯೋರಿಗೆ ಇದು ಗೊತ್ತಿರಲ್ಲ. ನಾನು ಪತ್ರಿಕೆ ಆಫೀಸಲ್ಲಿ ಪುಟ ಕಟ್ಟೋ ಕೆಲಸದಿಂದ ವೆಬ್ಬಿಗೆ ಬಂದವನು, ಇದೇ ನೋವು ದಿನಾ.

ಮೊದಲನೇದು ನುಡಿ. ಮೇಷ್ಟ್ರು ನುಡಿಯಲ್ಲಿ ಟೈಪ್ ಮಾಡ್ತಾರೆ ಅಂದ್ರಲ್ಲ, ಯೂನಿಕೋಡ್ (ಎಲ್ಲಾ ಕಂಪ್ಯೂಟರಲ್ಲೂ ನಡೆಯೋ ಅಕ್ಷರ ಸಂಕೇತ) ಮೋಡಲ್ಲಾ ಇಲ್ಲಾ ಹಳೇ ಫಾಂಟಲ್ಲಾ ಇವತ್ತೇ ನೋಡಿ. ಹಳೇದು ಆಗಿದ್ರೆ ಅವ್ರ ಕಂಪ್ಯೂಟರಲ್ಲಿ ಮುತ್ತಿನ ಹಾಗೆ ಕಾಣೋ ಲೇಖನ ವೆಬ್‌ಸೈಟಿಗೆ ಪೇಸ್ಟ್ ಮಾಡಿದ ಕೂಡ್ಲೇ ಗೀಚಿದಂಗೆ ಆಗತ್ತೆ, ಸಾಫ್ಟ್‌ವೇರ್ ಯಾವುದಾದ್ರೂ ಅಷ್ಟೇ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಬೋರ್ಡ್ ಅದೇ ಇರತ್ತೆ, ಬೆರಳಿಗೆ ಹೊಸದೇನೂ ಕಲಿಸ್ಬೇಕಿಲ್ಲ. ಹಳೇ ಫೈಲುಗಳಿಗೆ ಕನ್ವರ್ಟರ್ ಉಪಯೋಗಿಸಿ, ಆದ್ರೆ ಒತ್ತಕ್ಷರ, ಅರ್ಕಾವತ್ತು ಒಂದ್ಸಲ ಕಣ್ಣಲ್ಲಿ ಓದಿ ನೋಡ್ಲೇಬೇಕು.

ಎರಡನೇದು ಲಿಂಕು. ವರ್ಡ್‌ಪ್ರೆಸ್‌ನಲ್ಲಿ ಶೀರ್ಷಿಕೆ ಕನ್ನಡದಲ್ಲಿದ್ರೆ ಲಿಂಕೂ ಕನ್ನಡದಲ್ಲೇ ಆಗತ್ತೆ, ಸಂತೋಷ, ಆದ್ರೆ ಒಳಗಡೆ ಅದು ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಸರಮಾಲೆ. ಯೂನಿಕೋಡಿನ ಒಂದು ಕನ್ನಡ ಚಿಹ್ನೆಗೆ ಅಲ್ಲಿ 9 ಅಕ್ಷರ ಬೇಕು. ಕಾಗುಣಿತದ ಗುರುತು, ಹಲಂತ ಎಲ್ಲಾ ಬೇರೆ ಬೇರೆ ಚಿಹ್ನೆ ಅಂತ ಲೆಕ್ಕ, ಹಾಗಾಗಿ ಯಕ್ಷಗಾನ ಅನ್ನೋ ಒಂದೇ ಪದ 63 ಅಕ್ಷರ ಆಗತ್ತೆ. ಡೇಟಾಬೇಸಲ್ಲಿ ಅದಕ್ಕೆ ಇಟ್ಟಿರೋ ಜಾಗ 200 ಅಕ್ಷರ, ಅಂದ್ರೆ ಸುಮಾರು 22 ಚಿಹ್ನೆ, ಅಲ್ಲಿಗೆ ಲಿಂಕು ನಡುವಲ್ಲೇ ತುಂಡು. ವಾಟ್ಸಾಪಲ್ಲಿ ಕಳಿಸಿದ್ರೆ ಅರ್ಥ ಆಗದ ಒಂದು ಉದ್ದನೆ ಸಾಲು, ಅದನ್ನ ನೋಡಿ ಜನ ವೈರಸ್ಸು ಅಂತ ಒತ್ತೋದೇ ಇಲ್ಲ. ಪ್ರತಿಸಲ ಇಂಗ್ಲಿಷಲ್ಲಿ ಚಿಕ್ಕ ಹೆಸರು ಕೊಡಿ ಅಂತ ಮೇಷ್ಟ್ರಿಗೆ ಹೇಳ್ಬೇಡಿ, ಮರೀತಾರೆ, ಯಾರಾದ್ರೂ ಮರೀತಾರೆ. ಪರ್ಮಾಲಿಂಕ್ ಸೆಟ್ಟಿಂಗಲ್ಲಿ ನ್ಯೂಮೆರಿಕ್ ಅಂತ ಇದೆ, ಅದನ್ನ ನೀವು ಒಂದ್ಸಲ ಆರಿಸಿ ಬಿಟ್ರೆ ಶೀರ್ಷಿಕೆ ಇಲ್ದೆ, ಕೊನೇಲಿ ಒಂದು ನಂಬರಿರೋ ಪುಟಾಣಿ ಲಿಂಕು ಬರತ್ತೆ. ಮೇಷ್ಟ್ರಿಗೆ ಅಂಥದೊಂದು ಇದೆ ಅಂತಾನೂ ಗೊತ್ತಾಗೋದು ಬೇಡ.

ಥೀಮ್, ಅಂದ್ರೆ ಸೈಟಿನ ರೂಪ, ಆರಿಸುವಾಗ ಡೆಮೋ ನೋಡಿ ಮರುಳಾಗ್ಬೇಡಿ, ಅಲ್ಲಿ ಎಲ್ಲಾ ಇಂಗ್ಲಿಷು. ದೊಡ್ಡ ತಲೆಬರಹದಲ್ಲಿ ಸಾಲಿನ ಎತ್ತರ ಕಮ್ಮಿ ಇಟ್ಟಿರ್ತಾರೆ, ಕನ್ನಡ ಹಾಕಿದ್ರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗತ್ತೆ. ಕೃಷ್ಣ ಸಂಧಾನ, ಭೀಷ್ಮ ವಿಜಯ ಅಂತ ಟೈಪ್ ಮಾಡಿ ನೋಡಿ, ಸರಿಯಾಗಿ ಬಂದ್ರೆ ಆ ಥೀಮು ಪರವಾಗಿಲ್ಲ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ 2 ಇವೆಲ್ಲಾ ಗೂಗಲ್ ಫಾಂಟ್ಸಲ್ಲಿ ಉಚಿತವಾಗಿ ಸಿಗತ್ತೆ. ಫೋಟೋ ಬಗ್ಗೆ ಒಂದೇ ಮಾತು, ಫೋನಿನ ಫೋಟೋ 4-5 ಎಂಬಿ ಇರತ್ತೆ, ವರ್ಡ್‌ಪ್ರೆಸ್ ಓಡೋ ಪಿಎಚ್‌ಪಿ ಅನ್ನೋ ಭಾಷೆಯ ಮೂಲ ಅಪ್‌ಲೋಡ್ ಮಿತಿ 2 ಎಂಬಿ, ಕೆಲವು ಹೋಸ್ಟಿಂಗಲ್ಲಿ ಅದನ್ನ ಬದಲಾಯಿಸದೆ ಹಾಗೇ ಬಿಟ್ಟಿರ್ತಾರೆ, ಮೊದಲೇ ಹೆಚ್ಚಿಸಿ ಇಡಿ.

ಅಡ್ಮಿನ್ ಪುಟವನ್ನೇ ಕನ್ನಡದಲ್ಲಿ ತೋರಿಸೋ ವ್ಯವಸ್ಥೆನೂ ಇದೆ, ಪ್ರೊಫೈಲಲ್ಲಿ ಪ್ರತಿಯೊಬ್ರಿಗೂ ಬೇರೆ ಬೇರೆ ಭಾಷೆ ಇಟ್ಕೋಬಹುದು, 2016ರಿಂದ ಇದೆ. ನಾನು ಹಾಕಿ ನೋಡ್ದಾಗ ಅರ್ಧ ಕನ್ನಡ ಅರ್ಧ ಇಂಗ್ಲಿಷು ಬಂತು. ಮೇಷ್ಟ್ರಿಗೇ ತೋರಿಸಿ ಕೇಳಿ, ಇದು ನಾವು ತೀರ್ಮಾನಿಸೋ ವಿಷಯ ಅಲ್ಲ.

ಜರ್ಮನಿಯಿಂದ:

ನಾನು ಇಲ್ಲಿನ ಒಂದು ಕನ್ನಡ ಕೂಟದಲ್ಲಿ ಎರಡು ವರ್ಷ ಕಮಿಟಿಲಿದ್ದೆ. ನಮ್ಮ ಸೈಟು ಮೌಸಲ್ಲಿ ಎಳೆದು ಎಳೆದು ಕಟ್ಟೋ ಥರದ್ದು, ಕಟ್ಟೋವಾಗ ಬಲು ಖುಷಿ. ಆದ್ರೆ ಎಳೆದ್ರೆ ಬರತ್ತೆ ಅಂದ್ಮೇಲೆ ತಪ್ಪಿ ಎಳೆದ್ರೂ ಬರತ್ತೆ, ರಾಜ್ಯೋತ್ಸವದ ಹಿಂದಿನ ದಿನ ಯಾರೋ ತಾರೀಖು ತಿದ್ದೋಕೆ ಹೋಗಿ ತಲೆಬರಹನೇ ಫೋಟೋ ಮೇಲೆ ಕೂರಿಸಿಬಿಟ್ರು, ಕಂಪ್ಯೂಟರಲ್ಲಿ ಸರಿ ಮಾಡಿದ್ರೆ ಮೊಬೈಲಲ್ಲಿ ಸರಿಯಾಗ್ಲಿಲ್ಲ. ಕಟ್ಟೋರಿಗೆ ಸುಲಭ ಬೇರೆ, ದಿನಾ ಬಳಸೋರಿಗೆ ಸುಲಭ ಬೇರೆ ಅಂತ ಆವತ್ತು ನನಗೆ ಗಟ್ಟಿಯಾಯ್ತು. ಬಳಸೋರಿಗೆ ಅಕ್ಷರ ಮುಟ್ಟೋಕೆ ಬಿಡಿ, ಅಂದ ಚಂದ ಮುಟ್ಟೋಕೆ ಬಿಡ್ಬೇಡಿ. ಇನ್ನೊಂದು ನೆನಪಿಡಿ, ಲಾಗಿನ್ ಯಾರದೋ ಸ್ವಂತ ಫೋನಿನ ಒಟಿಪಿಗೆ ಕಟ್ಟಿಬಿಟ್ರೆ ಆ ಕಾರ್ಯದರ್ಶಿ ಬದಲಾದಾಗ ಹೊಸಬರು ಬಾಗಿಲಲ್ಲೇ ನಿಲ್ತಾರೆ, ನಮಗೆ ಹಾಗಾಗಿ ಮೂರು ತಿಂಗಳು ಹೋಯ್ತು. ಸಂಘದ ಹೆಸರಲ್ಲೇ ಒಂದು ಇಮೇಲ್ ಮಾಡಿ, ಪಾಸ್‌ವರ್ಡು ಸಂಘದ ನಡಾವಳಿ ಪುಸ್ತಕದ ಜೊತೆ ಲಕೋಟೆಲಿ ಇಡಿ.

ಬೆಂಗಳೂರಿನಿಂದ ಇನ್ನೊಬ್ಬರು:

ಡ್ರೂಪಲ್ ಕೇಳಿದ್ರಿ ಅಂತ ಬರೀತೀನಿ, ಹನ್ನೆರಡು ವರ್ಷ ಅದ್ರಲ್ಲೇ ಕೆಲಸ ಮಾಡಿದೀನಿ, ಪ್ರೀತಿ ಇದೆ, ಆದ್ರೂ ನಿಮಗೆ ಬೇಡ ಅಂತೀನಿ. ದೊಡ್ಡ ದೊಡ್ಡ ಸೈಟಿಗೆ ಅದು ಆನೆ, ಸಂಘಕ್ಕೆ ಆನೆ ಸಾಕೋದು ಕಷ್ಟ. ಡ್ರೂಪಲ್ 7ಕ್ಕೆ 2025ರ ಜನವರಿಗೆ ಬೆಂಬಲ ನಿಂತಿತು, ಅದರಿಂದ ಮುಂದಿನ ಆವೃತ್ತಿಗೆ ಹೋಗೋದು ಅಂದ್ರೆ ಹೆಚ್ಚೂಕಮ್ಮಿ ಮನೆ ಕೆಡವಿ ಕಟ್ಟಿದ ಹಾಗೆ, ನಿಮಗೆ ಅಷ್ಟು ಪುರುಸೊತ್ತು ಎಲ್ಲಿರತ್ತೆ. ಆದ್ರೆ ಅದರಿಂದ ಒಂದು ಯೋಚನೆ ಎತ್ಕೊಳ್ಳಿ: ಆಟ ಅನ್ನೋದಕ್ಕೆ ಒಂದು ಫಾರಂ. ತಾರೀಖು, ಸ್ಥಳ, ಪ್ರಸಂಗ, ಭಾಗವತರು, ಮದ್ದಳೆ, ಚಂಡೆ, ಮುಮ್ಮೇಳ (ವೇಷಧಾರಿಗಳು), ಒಂದೊಂದಕ್ಕೂ ಒಂದೊಂದು ಖಾನೆ. ವರ್ಡ್‌ಪ್ರೆಸ್‌ನಲ್ಲೂ ಕಸ್ಟಮ್ ಫೀಲ್ಡ್ ಪ್ಲಗಿನ್ ಹಾಕಿ ಇದನ್ನ ಮಾಡ್ಬಹುದು. ಮೇಷ್ಟ್ರು ಮೂವತ್ತು ವರ್ಷ ಹಾಜರಿ ಪುಸ್ತಕ, ಅಂಕಪಟ್ಟಿ ತುಂಬಿದವ್ರು, ಖಾನೆ ತುಂಬೋದು ಅವ್ರಿಗೆ ನಮಗಿಂತ ಚೆನ್ನಾಗಿ ಬರತ್ತೆ. ತಾರೀಖು ಖಾನೆಲಿದ್ರೆ ಮುಂದಿನ ಆಟ ಮೇಲೆ, ಮುಗಿದಿದ್ದು ಕೆಳಗೆ ಅಂತ ನೀವು ಜೋಡಿಸೋದೂ ಸುಲಭ.

ಕೇಳಿದವರು, ಮೂರು ವಾರ ಆದ್ಮೇಲೆ:

ಎಲ್ರಿಗೂ ಧನ್ಯವಾದ, ನಿಜವಾಗ್ಲೂ. ಊರಿಗೆ ಹೋಗಿ ಬಂದೆ. ಬ್ಲಾಗರ್ ಒಂದು, ವರ್ಡ್‌ಪ್ರೆಸ್ ಒಂದು, ಎರಡೂ ರೆಡಿ ಮಾಡ್ಕೊಂಡು ಹೋಗಿ ಮೇಷ್ಟ್ರ ಮುಂದೆ ಇಟ್ಟೆ, ತುಮಕೂರಿನೋರು ಹೇಳಿದ ಹಾಗೆ ಬಾಯಿ ಮುಚ್ಚಿ ಕೂತೆ (ಎಷ್ಟು ಕಷ್ಟ ಅಂತ ಈಗ ಗೊತ್ತಾಯ್ತು, ಎರಡು ಸಲ ಕೈ ಮೌಸಿಗೆ ಹೋಗಿತ್ತು). ಬ್ಲಾಗರಲ್ಲಿ ಬೇಗ ಬರೆದ್ರು, ಆದ್ರೆ ಆಟದ ಪಟ್ಟಿ ಎಲ್ಲಿ ಅಂತ ಕೇಳಿದ್ರು. ವರ್ಡ್‌ಪ್ರೆಸ್‌ನಲ್ಲಿ ಖಾನೆಗಳ ಫಾರಂ ನೋಡಿ, ಇದು ನಮ್ಮ ಸಂಘದ ರಿಜಿಸ್ಟರ್ ಇದ್ದಂಗೇ ಇದೆಯಲ್ಲೋ ಅಂದ್ರು, ಅಲ್ಲಿಗೆ ನನ್ನ ಪ್ರಶ್ನೆ ಮುಗೀತು. ಮೊದಲನೇ ಆಟ ಹಾಕೋಕೆ ನಲವತ್ತು ನಿಮಿಷ, ಎರಡನೇದಕ್ಕೆ ಹನ್ನೊಂದು. ನುಡಿ ಹಳೇ ಫಾಂಟಲ್ಲೇ ಇತ್ತು, ಮೈಸೂರಿನೋರಿಗೆ ಕೈ ಮುಗೀತೀನಿ, ಅದೊಂದು ಗೊತ್ತಿಲ್ದೆ ಹೋಗಿದ್ರೆ ಅವತ್ತೇ ಕೈ ಬಿಡ್ತಿದ್ರು. ಅಡ್ಮಿನ್ ಕನ್ನಡದಲ್ಲಿ ಬೇಡ ಅಂದ್ರು, ಪಬ್ಲಿಷ್ ಅನ್ನೋದು ಬಾಯಿಗೆ ಬಂದಿದೆ, ಪ್ರಕಟಿಸು ಅಂದ್ರೆ ಹುಡುಕ್ಬೇಕಾಗತ್ತೆ ಅಂತ.

ಬಸ್ ಹತ್ತೋ ಹೊತ್ತಿಗೆ ಮೇಷ್ಟ್ರು ಒಂದು ಮಾತು ಕೇಳಿದ್ರು, ಸಂಘದ ಟ್ರಂಕಲ್ಲಿ 1978ರಿಂದ ಇಲ್ಲೀವರೆಗಿನ ಆಟದ ಕರಪತ್ರ ಎಲ್ಲಾ ಇದೆ, ಅವನ್ನೂ ಇದೇ ಫಾರಂ ತುಂಬಿ ಹಾಕ್ಬಹುದಾ, ದಿನಕ್ಕೆ ಎರಡರಂತೆ ಹಾಕ್ತೀನಿ ಅಂತ. ಕೆಲವಕ್ಕೆ ಗೆದ್ದಲು ಹಿಡಿದಿದೆ, ಮಡಚಿದ ಕಡೆ ಹರಿದಿದೆ. ಹಳೇ ಕಾಗದ ಹಾಳಾಗದ ಹಾಗೆ ಫೋನಲ್ಲೇ ಚೆನ್ನಾಗಿ ಸ್ಕ್ಯಾನ್ ಮಾಡೋದು ಹೇಗೆ, ಮಾಡಿದೋರು ಇದ್ರೆ ಬರೀರಿ.