ಪೆರೂಜಾದಲ್ಲಿ ಒಂದು ಸೆಮಿಸ್ಟರ್: ಇಳಿದ ಮೊದಲ ವಾರದ ಕೆಲಸಗಳು ಯಾವುವು?

ಕೊಥ್ರೂಡ್_ಹುಡುಗ
ಎಲ್ಲರಿಗೂ ನಮಸ್ಕಾರ. ಪುಣೆಯ ಕಾಲೇಜಿನಿಂದ ಇಟಲಿಯ ಪೆರೂಜಾಕ್ಕೆ ಒಂದು ಸೆಮಿಸ್ಟರ್ ಹೊರಟಿದ್ದೇನೆ. ಫೆಬ್ರವರಿಯಲ್ಲಿ ತರಗತಿ ಶುರು. ದೀರ್ಘ ವಾಸದ ‘ಡಿ’ ವೀಸಾ ಬಂದಿದೆ, ವಿಮಾನ ಮುಂಬೈಯಿಂದ ರೋಮ್‌ಗೆ, ಕೋಣೆ ಗುಡ್ಡದ ಮೇಲಿನ ಹಳೇ ಪೇಟೆಯೊಳಗೆ. 23 ಕಿಲೋದ ಎರಡು ಬ್ಯಾಗಿಗೆ ಅವಕಾಶವಿದೆ. ರೋಮ್‌ನಿಂದ ಕೋಣೆ ತನಕ ಹೇಗೆ ಹೋಗಲಿ? ವಾಸದ ಪರವಾನಗಿಗೆ ಏನು ಮಾಡಬೇಕು? ಅಡುಗೆಗೆ ಏನು ಕಟ್ಟಿಕೊಳ್ಳಲಿ? ಅವ್ವ ಆಗಲೇ ತುಪ್ಪದ ಡಬ್ಬಿ ತೆಗೆದಿಟ್ಟಿದ್ದಾಳೆ.

ಠಾಣೆ_ಲೋಕಲ್
ಮೊದಲು ಒಂದು ಬ್ಯಾಗ್ ಮನೆಯಲ್ಲೇ ಬಿಡಿ. ಕಲ್ಲುಹಾಸಿನ ಏರುಬೀದಿಯಲ್ಲಿ ಚಕ್ರದ ಬ್ಯಾಗ್ ಎರಡೆಳೆಯುವುದು ಆಗದ ಮಾತು. ಒಂದು ಚಕ್ರದ್ದು, ಒಂದು ಬೆನ್ನಿಗೆ.

ಫ್ಯುಮಿಚೀನೊ ವಿಮಾನ ನಿಲ್ದಾಣದಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷದಲ್ಲಿ ರೋಮ್‌ನ ಮುಖ್ಯ ಸ್ಟೇಷನ್ ತೆರ್ಮಿನಿಗೆ ಬಿಡುತ್ತದೆ. ಅಲ್ಲಿಂದ ಪೆರೂಜಾಕ್ಕೆ ನೇರ ರೈಲು ಕೆಲವೇ; ಉಳಿದವಕ್ಕೆ ಫೊಲಿನ್ಯೊ ಅಥವಾ ತೆರೊಂತೊಲಾದಲ್ಲಿ ಬದಲಾಯಿಸಬೇಕು. ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಿ. ಟಿಕೆಟ್ ಕೈಯಲ್ಲಿದ್ದೂ ದಂಡ ಬೀಳುವುದು ಇಲ್ಲೇ.

ಪೆರೂಜಾದ ಮುಖ್ಯ ಸ್ಟೇಷನ್ ಫೊಂತಿವೆಜ್ಜೆ, ಗುಡ್ಡದ ಕೆಳಗಿದೆ. ಅದರ ಪಕ್ಕದಲ್ಲೇ ಮಿನಿಮೆಟ್ರೊ, 2008ರಿಂದ ಓಡುತ್ತಿದೆ, ಚಾಲಕನಿಲ್ಲದ ಪುಟ್ಟ ಡಬ್ಬಿ. ಕೊನೆಯ ನಿಲ್ದಾಣ ಪಿಂಚೆತ್ತೊದಲ್ಲಿ ಇಳಿದು ಮೇಲೆ ಹೋದರೆ ಮತ್ತೆಯೊತ್ತಿ ಚೌಕ. ಕೋಣೆ ಪ್ರಿಯೋರಿ ಬೀದಿಯ ಕಡೆ ಇದ್ದರೆ ಅದಕ್ಕೂ ಒಂದು ಮುಂಚೆ, ಕೂಪಾದಲ್ಲೇ ಇಳಿಯಿರಿ. ವಿದೇಶಿಯರ ವಿಶ್ವವಿದ್ಯಾಲಯದ ಕಡೆಗಾದರೆ ಮೇಲೆ ಹೋಗಿ ಮತ್ತೆ ಕಡಿದಾಗಿ ಇಳಿಯಬೇಕು, ಲಗೇಜಿದ್ದಾಗ ಸ್ಟೇಷನ್ನಿನಿಂದ ಟ್ಯಾಕ್ಸಿಯೇ ವಾಸಿ. ಮಿನಿಮೆಟ್ರೊ ರಾತ್ರಿ 9ರ ಆಸುಪಾಸಿಗೇ ನಿಲ್ಲುತ್ತದೆ. ನಮ್ಮ ಲೋಕಲ್‌ನಂತೆ ಕೊನೇ ಗಾಡಿ ಮಧ್ಯರಾತ್ರಿಗೆ ಅಂದುಕೊಳ್ಳಬೇಡಿ. ಗೆಳೆಯರು ಕಾರಿನಲ್ಲಿ ಬಿಡುತ್ತೇವೆ ಅಂದರೂ ಬೇಡ: ಹಳೇ ಪೇಟೆಯೊಳಗೆ ಅನುಮತಿಯಿಲ್ಲದ ಕಾರಿಗೆ ನಿರ್ಬಂಧ, ಕ್ಯಾಮೆರಾ ನಂಬರ್ ಹಿಡಿದು ದಂಡ ಕಳಿಸುತ್ತದೆ.

ವಾಶಿ_ಅಕ್ಕ
ಪರವಾನಗಿಯ ಹೆಸರು ಪೆರ್ಮೆಸ್ಸೊ ದಿ ಸೊಜ್ಜೋರ್ನೊ. ಇಟಲಿಗೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ಅರ್ಜಿ ಹೋಗಬೇಕು. ಜನವರಿ 29 ಪೆರೂಜಾದ ಊರ ಸಂತ ಕೊಸ್ತಾಂಜೊನ ಹಬ್ಬ, ಅಂದು ಊರಿಗೇ ರಜೆ. ಆ ವಾರ ಇಳಿಯುವುದಾದರೆ ನೆನಪಿರಲಿ.

‘ಸ್ಪೊರ್ತೆಲ್ಲೊ ಅಮೀಕೊ’ ಕೌಂಟರ್ ಇರುವ ಅಂಚೆ ಕಚೇರಿಯಲ್ಲಿ ಅರ್ಜಿಯ ಕಿಟ್ ಪುಕ್ಕಟೆ ಸಿಗುತ್ತದೆ. ವಿದ್ಯಾರ್ಥಿಗಳು ತುಂಬಬೇಕಾದ್ದು ಮೊದಲನೇ ಫಾರಂ, ಕಪ್ಪು ಪೆನ್ನಿನಲ್ಲಿ. ಜೊತೆಗೆ ಪಾಸ್‌ಪೋರ್ಟ್, ವೀಸಾ, ಪ್ರವೇಶಪತ್ರ, ಆರೋಗ್ಯ ವಿಮೆ, ಇವುಗಳ ಝೆರಾಕ್ಸ್. ಲಕೋಟೆ ಅಂಟಿಸಬೇಡಿ, ಕೌಂಟರಿನವರು ತೆರೆದೇ ನೋಡುತ್ತಾರೆ. ಖರ್ಚು: 16 ಯೂರೋದ ಸ್ಟಾಂಪ್, ಇದು ಅಂಚೆಯಲ್ಲಲ್ಲ, ‘ಟಿ’ ಫಲಕದ ತಂಬಾಕು ಅಂಗಡಿಯಲ್ಲಿ, ಒಂದು ವರ್ಷದೊಳಗಿನ ಪರವಾನಗಿಗೆ ಚಲನ್ 70.46, ಕೌಂಟರಿನಲ್ಲಿ 30. ಒಟ್ಟು 116.46 ಯೂರೋ. ಸ್ಟಾಂಪ್ ಇಲ್ಲದೆ ಸರದಿಯಲ್ಲಿ ನಿಂತರೆ ನಿಂತದ್ದು ವ್ಯರ್ಥ.

ಹಣ ಕಟ್ಟಿದಾಗ ಕೊಡುವ ರಸೀದಿಯೇ ಪರವಾನಗಿ ಕಾರ್ಡು ಬರುವ ತನಕ ನಿಮ್ಮ ದಾಖಲೆ. ಕ್ವೆಸ್ತೂರಾ, ಅಂದರೆ ಪೊಲೀಸ್ ಮುಖ್ಯ ಕಚೇರಿಯಲ್ಲಿ ಬೆರಳಚ್ಚು ಕೊಡುವ ತಾರೀಖೂ ಆಗಲೇ ಸಿಗುತ್ತದೆ. ಅಂದು 4 ಫೋಟೊ ಒಯ್ಯಿರಿ. ಮನೆ ಮಾಲೀಕರು ನಿಮ್ಮ ವಾಸದ ವಿಷಯ 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ಕೊಡಲು ಹಿಂದೆಮುಂದೆ ನೋಡುವ ಮಾಲೀಕರು ಬಾಡಿಗೆ ಕರಾರನ್ನೂ ನೋಂದಾಯಿಸಿರಲಿಕ್ಕಿಲ್ಲ.

ಹಡಪ್ಸರ್_ರೊಟ್ಟಿ
ತಮ್ಮಾ, ತುಪ್ಪದ ಡಬ್ಬಿ ಅವ್ವನ ಕಡೇನೇ ಇರ್ಲಿ. ಹೊರಗಿಂದ ಬರೋರು ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಳಗ ಒಯ್ಯೂ ಹಂಗಿಲ್ಲ. ಪೇಢಾನೂ ಅದರಾಗ ಬಂತು. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಬಿಟ್ಟುಬಿಡು. ಶೇಂಗಾ ಚಟ್ನಿಪುಡಿ, ಮಸಾಲಿ ಪುಡಿ, ಖಡಕ್ ರೊಟ್ಟಿ ಕಟ್ಕೋ. ಬ್ಯಾಳಿ ಭಾರ ಹೊರಬ್ಯಾಡ. ಪೆರೂಜಾ ಇರೋ ಉಂಬ್ರಿಯಾ ಸೀಮಿಯ ಕಾಸ್ತೆಲ್ಲೂಚ್ಚೊ ಮಸೂರ ಹೆಸರುವಾಸಿ, ನೆನಿಸೋದೂ ಬ್ಯಾಡ.

ಕುಕ್ಕರ್ ಒಯ್ಯೂ ಮುಂಚೆ ಒಲಿ ಯಾವುದು ಅಂತ ಮಾಲೀಕರನ್ನ ಕೇಳು. ಇಂಡಕ್ಷನ್ ಇದ್ರ ಸಾದಾ ಅಲ್ಯುಮಿನಿಯಂ ಕುಕ್ಕರ್ ಕಾಯಂಗಿಲ್ಲ, ತಳಕ್ಕ ಅಯಸ್ಕಾಂತ ಹಿಡೀಬೇಕು. ಮನಿ ಕರೆಂಟ್ ಕರಾರು ಸಾಮಾನ್ಯವಾಗಿ 3 ಕಿಲೋವಾಟಿಂದು, 3.3ರ ಮಟ ತಡಕೋತದ. 2 ಕಿಲೋವಾಟಿನ ಇಂಡಕ್ಷನ್, 2ರ ಕೆಟಲ್ ಒಮ್ಮಿಗೇ ಹಚ್ಚಿದ್ರ ಮೀಟರ್ ಬಿದ್ದು ಕರೆಂಟ್ ಹೋಗಬಹುದು. ಮೀಟರ್ ಕೆಲವು ಹಳೇ ಕಟ್ಟಡದಾಗ ತಳಮಹಡಿಯೊಳಗಿರ್ತದ, ಮದಲೇ ನೋಡಿಟ್ಕೋ. ನಮ್ಮ ಮೂರು ಪಿನ್ನು ಅಲ್ಲಿ ಕೂಡಂಗಿಲ್ಲ; ಮೊಬೈಲ್ ಚಾರ್ಜರಿನ ಎರಡು ಪಿನ್ನು ಕೂಡ್ತಾವ. ಹೀಟರ್ ಸುದ್ದಿ: ಪೆರೂಜಾದಾಗ ಏಪ್ರಿಲ್ 15ಕ್ಕ ಬಂದ್. ಕಲ್ಲಿನ ಗ್ವಾಡಿ ಆಮ್ಯಾಲೂ ತಣ್ಣಗೇ ಇರ್ತಾವ, ಸ್ವೆಟರ್ ಕಪಾಟಿನೊಳಗ ಒಗೀಬ್ಯಾಡ.

ಕೊಥ್ರೂಡ್_ಹುಡುಗ
ಎಲ್ಲರಿಗೂ ಧನ್ಯವಾದ. ಅಕ್ಕಾ, ಕಾರ್ಡು ಬರುವ ಮುಂಚೆಯೇ ಸೆಮಿಸ್ಟರ್ ಮುಗಿದರೆ? ಬರುವಾಗ ಪ್ಯಾರಿಸ್ ನೋಡಿಕೊಂಡು ಬರಬೇಕೆಂದಿದ್ದೆ.

ವಾಶಿ_ಅಕ್ಕ
ಹಾಗಾಗುವುದು ಸಾಮಾನ್ಯವೇ. ವೀಸಾದ ಮೇಲಿನ ಕೊನೆಯ ತಾರೀಖು ನೋಡಿ. ಅದರೊಳಗೆ ಪ್ಯಾರಿಸ್ ಮುಗಿಸಿದರೆ ಚಿಂತೆಯಿಲ್ಲ. ತಾರೀಖು ದಾಟಿ ಕೈಯಲ್ಲಿ ರಸೀದಿಯಷ್ಟೇ ಇದ್ದರೆ ಬೇರೆ ಷೆಂಗೆನ್ ದೇಶಕ್ಕೆ (ಒಳಗಡಿ ತಪಾಸಣೆ ತೆಗೆದುಹಾಕಿದ ಯುರೋಪಿನ ದೇಶಗಳ ಕೂಟ, ಫ್ರಾನ್ಸೂ ಅದರಲ್ಲಿದೆ) ಹೋಗುವಂತಿಲ್ಲ, ಅಲ್ಲಿ ವಿಮಾನ ಬದಲಿಸುವುದೂ ತೊಂದರೆಯೇ. ವಾಪಸ್ ಟಿಕೆಟ್ ರೋಮ್‌ನಿಂದ ನೇರ, ಇಲ್ಲವೇ ದುಬೈ, ದೋಹಾ ಮೇಲಿಂದ ತೆಗೆಯಿರಿ.