ಅಪ್‌ಡೇಟ್: ಫೋನ್ ಬಿಸಿ ಆಗ್ತಿದ್ದದ್ದು ಯಾಕೆ ಅಂತ ಗೊತ್ತಾಯ್ತು

ಹೋದ ವಾರ ಕೇಳಿದ್ನಲ್ಲ, ನಾನ್ ಬರ್ದಿರೋ ಚಿಕ್ಕ ಗೇಮ್ ಲ್ಯಾಪ್‌ಟಾಪಲ್ಲಿ ಸಲೀಸಾಗಿ ಓಡುತ್ತೆ, ಫೋನಿಗೆ ಹಾಕಿದ್ರೆ ಹತ್ತೇ ನಿಮಿಷಕ್ಕೆ ಕಾದ ಹೆಂಚಾಗುತ್ತೆ ಯಾಕೆ ಅಂತ. ಉತ್ತರ ಸಿಕ್ತು, ತಪ್ಪು ನಂದೇ.

ಫೋನಿನ ಜಿಪಿಯು (ಚಿತ್ರ ಬಿಡಿಸೋ ಚಿಪ್) ಟೈಲ್ ಬೇಸ್ಡ್, ಅಂದ್ರೆ ಪರದೆನ ತುಂಡು ತುಂಡಾಗಿ ಬಿಡಿಸೋದು, ಅಲ್ಲಿ ನೋಡು ಅಂತ ನೀವು ಅಂದಿದ್ರಲ್ಲ, ಅದೇ ಸರಿ. ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕಾರ್ಡು ತ್ರಿಕೋನ (ಗೇಮಿನ ಆಕೃತಿಗಳೆಲ್ಲ ಇವುಗಳಿಂದಲೇ ಆಗಿರುತ್ತೆ) ಬಂದ್ ಬಂದ ಹಾಗೇ ಬಿಡಿಸ್ತಾ ಹೋಗುತ್ತೆ, ಫೋನಿಂದು ಮೊದ್ಲು ಎಲ್ಲಾ ತ್ರಿಕೋನನ ವಿಂಗಡಿಸಿ ಇಟ್ಕೊಂಡು ಆಮೇಲೆ ಪರದೆನ ಸಣ್ಣ ಸಣ್ಣ ತುಂಡು ಮಾಡಿ (ಫೋನ್‌ಗಳಲ್ಲಿ ಬರೋ ಎಷ್ಟೋ ಮಾಲಿ ಅನ್ನೋ ಜಿಪಿಯು ಚಿಪ್‌ಗಳಲ್ಲಿ 16×16 ಪಿಕ್ಸೆಲ್) ಒಂದೊಂದನ್ನೂ ಚಿಪ್ ಒಳಗಿನ ಮೆಮೊರಿಲೇ ಮುಗಿಸಿ ಕೊನೆಗೆ ಒಂದೇ ಸಲ ರ‍್ಯಾಮಿಗೆ ಬರೆಯುತ್ತೆ. ರ‍್ಯಾಮಿಗೆ ಓಡಾಟ ಕಮ್ಮಿ, ಕರೆಂಟ್ ಉಳಿಯೋದೇ ಅಲ್ಲಿ, ಬಿಸಿನೂ ಕಮ್ಮಿ.

ನಾನೇನ್ ಮಾಡಿದ್ದೆ ಅಂದ್ರೆ, ಯಾವುದು ಮುಂದೆ ಯಾವುದು ಹಿಂದೆ ಅಂತ ಪಿಕ್ಸೆಲ್ ಪಿಕ್ಸೆಲಿಗೂ ಲೆಕ್ಕ ಇಡೋ ಡೆಪ್ತ್ ಬಫರ್‌ನ ಪ್ರತಿ ಫ್ರೇಮಿಗೂ ರ‍್ಯಾಮಿಂದ ಲೋಡ್ ಮಾಡಿ ಮತ್ತೆ ಅಲ್ಲಿಗೇ ಸ್ಟೋರ್ ಮಾಡಿಸ್ತಿದ್ದೆ, ಯಾರಿಗೂ ಬೇಡದ್ದು. 1920×1080ಗೆ ಪಿಕ್ಸೆಲಿಗೆ 32 ಬಿಟ್ ಅಂದ್ರೆ ಸುಮಾರು 8.3 ಎಂಬಿ, ಓದೋಕೊಂದ್ಸಲ ಬರೆಯೋಕೊಂದ್ಸಲ, ಸೆಕೆಂಡಿಗೆ 60 ಫ್ರೇಮ್, ಅಂದ್ರೆ ಸೆಕೆಂಡಿಗೆ ಹತ್ತತ್ರ 1 ಜಿಬಿ ಸುಮ್ಸುಮ್ನೆ ಓಡಾಡ್ತಿತ್ತು! ಅದರ ಮೇಲೆ ಗ್ಲೋ ಎಫೆಕ್ಟಿಗೆ ಅಂತ ಫ್ರೇಮ್ ಮಧ್ಯದಲ್ಲೇ ಚಿತ್ರ ಬಿಡಿಸೋ ಬೇರೆ ಟಾರ್ಗೆಟ್‌ಗೆ ಹೋಗಿ ವಾಪಸ್ ಬರ್ತಿದ್ದೆ, ಅಲ್ಲಿ ಇನ್ನೊಂದ್ ಸಲ ಅದೇ ಕಥೆ. ವಲ್ಕನ್‌ನಲ್ಲಿ (ಜಿಪಿಯುಗೆ ಕೆಲಸ ಹೇಳೋ ಇಂಟರ್ಫೇಸ್) ಲೋಡಿಗೆ ಕ್ಲಿಯರ್ (ಹಳೇದು ಓದ್ಬೇಡ, ಅಳಿಸಿ ಶುರು ಮಾಡು), ಸ್ಟೋರಿಗೆ ಡೋಂಟ್ ಕೇರ್ (ಉಳಿಸೋದ್ ಬೇಡ) ಹಾಕಿ ಗ್ಲೋನ ಮೊದಲಿಗೇ ತಳ್ಳಿದೆ. ಎರಡೇ ಸಾಲು ಮಾರಾಯ್ರೆ, ಫೋನ್ ಈಗ ತಣ್ಣಗಿದೆ.

ಗೇಮಲ್ಲಿರೋ ಹುಲ್ಲು ಮಾತ್ರ ಇನ್ನೂ ಭಾರ. ಶೇಡರಲ್ಲಿ (ಪಿಕ್ಸೆಲ್ ಬಣ್ಣ ಲೆಕ್ಕ ಹಾಕೋ ಪ್ರೋಗ್ರಾಂ) ಡಿಸ್ಕಾರ್ಡ್, ಅಂದ್ರೆ ಈ ಪಿಕ್ಸೆಲ್ ಬೇಡ ಬಿಸಾಕು ಅನ್ನೋ ಆದೇಶ, ಇದ್ರೆ ಹಿಂದೆ ಮರೆಯಾಗಿರೋ ಪಿಕ್ಸೆಲ್ಲನ್ನ ಮೊದಲೇ ಬಿಡೋಕೆ ಚಿಪ್ಪಿಗೆ ಕಷ್ಟ, ಜೊತೆಗೆ ತ್ರಿಕೋನ ಜಾಸ್ತಿ ಆದಷ್ಟೂ ವಿಂಗಡಿಸಿದ ಪಟ್ಟಿನೇ ರ‍್ಯಾಮ್ ತಿನ್ನುತ್ತೆ, ಇಲ್ಲಿ ಲ್ಯಾಪ್‌ಟಾಪ್ ಕಾರ್ಡಿಗೇ ಲಾಭ. ಈ ವಾರ ಅರ್ಧ ಹುಲ್ಲು ಕೊಯ್ತೀನಿ.